ಏಪ್ರಿಲ್ ಹದಿನಾರು: ವಾಷಿಂಗ್ಟನ್ ಪಟ್ಟಣದ ವಿಮೋಚನಾ ದಿನ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರಜೆಗಳು ತಮ್ಮ ವರಮಾನದ ತೆರಿಗೆಯ ಲೆಕ್ಕವನ್ನು ಪ್ರತಿವರ್ಷವೂ ಏಪ್ರಿಲ್ ತಿಂಗಳ ೧೫ನೆಯ ತಾರೀಖಿನೊಳಗಾಗಿ ಸರ್ಕಾರಕ್ಕೆ ಒಪ್ಪಿಸತಕ್ಕದ್ದೆಂದು ನಿಯಮವುಂಟು. ಕೆಲವು ವರ್ಷಗಳಲ್ಲಿ ಮಾತ್ರ ಈ ಗಡುವು ೧೭ಕ್ಕೋ ೧೮ಕ್ಕೋ ಮುಂದೆ ಹೋಗುವದು. ೨೦೦೭ನೆಯ ಇಸವಿಯಲ್ಲಿ ಹೀಗಾಯಿತು. ೨೦೧೧ರಲ್ಲಿಯೂ ೨೦೧೬ರಲ್ಲಿಯೂ ೨೦೨೨ರಲ್ಲಿಯೂ ಹೀಗೆಯೇ ಆಯಿತು. ಇಡೀ ದೇಶದ ಲೆಕ್ಕದ ದಿನವನ್ನು ಕದಲಿಸುವ ಕಾರಣ ಯಾವುದೆಂದು ವಿಚಾರಿಸಲಾಗಿ, ಅದು ಒಂದೇ ಒಂದು ಪಟ್ಟಣದ ರಜಾದಿನವೆಂದು ತಿಳಿದುಬರುವದು. ಏಪ್ರಿಲ್ ೧೬ನೆಯ ದಿನವು ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ವಿಮೋಚನಾ ದಿನ. ಅದು ಶನಿವಾರ ಬಿದ್ದರೆ ಹಿಂದಿನ ಶುಕ್ರವಾರವೂ, ಭಾನುವಾರ ಬಿದ್ದರೆ ಮಾರನೆಯ ಸೋಮವಾರವೂ ಅಲ್ಲಿ ರಜಾ. ರಾಜಧಾನಿಯ ರಜಾದಿನದಂದು ತೆರಿಗೆಯ ಗಡುವು ಬೀಳಕೂಡದೆಂದು ಏರ್ಪಾಡು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಈಗ ಆ ದೇಶದಲ್ಲಿ ಉದ್ಯೋಗಸ್ಥರಾಗಿರುವರಷ್ಟೆ. ಎರಡು ಮೂರು ದಿವಸ ಹೆಚ್ಚಾಗಿ ಸಿಕ್ಕಿತೆಂದು ಸಂತೋಷಪಟ್ಟವರು ಅವರಲ್ಲಿಯೂ ಇದ್ದಾರು. ಆ ರಜಾ ಯಾರ ಬಿಡುಗಡೆಯಿಂದ ಹುಟ್ಟಿತೆಂಬುವದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಅಮೆರಿಕೆಯಲ್ಲಿ ದಾಸತ್ವವು ಅಳಿದುದನ್ನು ನೆನೆಯುವ ದಿನವೆಂದರೆ ಈಗ ಹೆಚ್ಚು ಜನರು ಜೂನ್ ೧೯ನ್ನು ಹೇಳುವರು. ೧೮೬೫ನೆಯ ಇಸವಿಯ ಆ ದಿನ ಟೆಕ್ಸಾಸ್ ಸಂಸ್ಥಾನದ ಗ್ಯಾಲ್ವೆಸ್ಟನ್ ಎಂಬ ರೇವುಪಟ್ಟಣದಲ್ಲಿ ಗಾರ್ಡನ್ ಗ್ರೇಂಜರ್ ಎಂಬ ಸೇನಾಧಿಪತಿಯು, ಗುಲಾಮರೆಲ್ಲರೂ ಸ್ವತಂತ್ರರೆಂಬ ಅಪ್ಪಣೆಯನ್ನು ಹೊರಡಿಸಿದನು. ಟೆಕ್ಸಾಸ್ ಸಂಸ್ಥಾನವು ಅದಕ್ಕೆ ೧೯೮೦ರಿಂದ ರಜಾ ಕೊಟ್ಟಿತು. ೨೦೨೧ರಲ್ಲಿ ಅದು ದೇಶಕ್ಕೆಲ್ಲಾ ರಜಾದಿನವಾಯಿತು. ವಾಷಿಂಗ್ಟನ್ ಪಟ್ಟಣದ ದಿನವು ಅದಕ್ಕಿಂತ ಮೂರು ವರ್ಷ ಹಿಂದಿನದು. ಅಧ್ಯಕ್ಷ ಲಿಂಕನ್ನನ ಪ್ರಸಿದ್ಧವಾದ ವಿಮೋಚನಾ ಘೋಷಣೆಗಿಂತಲೂ ಎಂಟು ತಿಂಗಳು ಹಿಂದಿನದು. ಆ ಘೋಷಣೆಯು ಜಾರಿಗೆ ಬಂದದ್ದು ೧೮೬೩ರ ಜನವರಿ ೧ರಲ್ಲಿ. ಈ ಪಟ್ಟಣದ ಬಿಡುಗಡೆಯು ೧೮೬೨ರ ಏಪ್ರಿಲ್ ೧೬ರಲ್ಲಿ.

ವಾಷಿಂಗ್ಟನ್ ಯಾವ ಸಂಸ್ಥಾನಕ್ಕೂ ಸೇರಿದ ಊರಲ್ಲ. ರಾಜಧಾನಿಗೆಂದೇ ಪ್ರತ್ಯೇಕಿಸಿದ ಕೊಲಂಬಿಯ ಜಿಲ್ಲೆ ಅದು. ಕಾಂಗ್ರೆಸ್ ಎಂಬ ದೇಶದ ಶಾಸನಸಭೆಯೇ ಅದರ ನೇರವಾದ ಒಡೆಯ. ಸುತ್ತಲಿನ ಮೇರಿಲೆಂಡ್ ಮತ್ತು ವರ್ಜಿನಿಯ ಸಂಸ್ಥಾನಗಳಲ್ಲಿ ದಾಸತ್ವವು ನ್ಯಾಯಸಮ್ಮತವಾಗಿದ್ದುದರಿಂದ ರಾಜಧಾನಿಯಲ್ಲಿಯೂ ಅದು ನಡೆಯುತ್ತಿತ್ತು. ೧೮೫೦ರ ವರೆಗೆ ಮನುಷ್ಯರನ್ನು ಮಾರುವ ವ್ಯಾಪಾರವೂ ಅಲ್ಲಿ ನಡೆಯಿತು. ಆಮೇಲೆ ವ್ಯಾಪಾರ ನಿಂತಿತು, ದಾಸತ್ವ ನಿಲ್ಲಲಿಲ್ಲ. ೧೮೬೦ರ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ ಗುಲಾಮರು ೩,೧೮೫ ಮಂದಿ. ಆಫ್ರಿಕ ಮೂಲದವರಾಗಿ ಸ್ವತಂತ್ರರಾಗಿದ್ದವರು ೧೧,೧೩೧ ಮಂದಿ. ಅಂದರೆ ಒಂದೇ ಬೀದಿಯಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ, ಸ್ವತಂತ್ರರೂ ಗುಲಾಮರೂ ಕೂಡಿ ಬಾಳುತ್ತಿದ್ದರು. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮನೆಂಬುವದು ಅಲ್ಲಿಯ ಕಾಯಿದೆ. ತಂದೆಯು ಸ್ವತಂತ್ರನಾಗಿದ್ದರೂ ಅದರಿಂದ ಮಕ್ಕಳಿಗೆ ಯಾವ ಪ್ರಯೋಜನವೂ ಇರಲಿಲ್ಲ.

ಎಡ್ಮನ್‌ಸನ್ ಮನೆತನದ ಸಂಗತಿಯು ಇದಕ್ಕೆ ಉದಾಹರಣೆ. ಪಾಲ್ ಎಡ್ಮನ್‌ಸನ್ ಸ್ವತಂತ್ರನು. ಅವನ ಹೆಂಡತಿ ಅಮೇಲಿಯ ಗುಲಾಮಳು. ೧೮೪೮ನೆಯ ಏಪ್ರಿಲ್ ೧೫ರ ರಾತ್ರಿ ಅವರ ಮಕ್ಕಳಲ್ಲಿ ಆರು ಮಂದಿ, ಅಂದರೆ ನಾಲ್ವರು ಗಂಡುಮಕ್ಕಳೂ ಹದಿನೈದು ವರ್ಷದ ಮೇರಿಯೂ ಹದಿಮೂರು ವರ್ಷದ ಎಮಿಲಿಯೂ, ‘ಪರ್ಲ್’ ಎಂಬ ಹಾಯಿಹಡಗನ್ನು ಗುಟ್ಟಾಗಿ ಏರಿದರು. ಹಡಗಿನಲ್ಲಿದ್ದ ಗುಲಾಮರು ಎಲ್ಲರೂ ಕೂಡಿ ೭೭ ಮಂದಿ. ಉತ್ತರದ ಸ್ವತಂತ್ರ ಸಂಸ್ಥಾನಗಳನ್ನು ಸೇರಬೇಕೆಂಬುವದು ಅವರ ಆಶೆ. ಗಾಳಿಯು ಅನುಕೂಲಿಸಲಿಲ್ಲ. ಬೆನ್ನಟ್ಟಿ ಬಂದ ಉಗಿಹಡಗಿನವರು ಅವರೆಲ್ಲರನ್ನೂ ಹಿಡಿದು ಪಟ್ಟಣಕ್ಕೆ ತಂದರು. ಮೇರಿ ಎಮಿಲಿಯರನ್ನು ವ್ಯಾಪಾರಿಗಳು ಕೊಂಡು, ದಕ್ಷಿಣದ ನ್ಯೂ ಆರ್ಲಿಯನ್ಸ್ ಪಟ್ಟಣದ ಸಂತೆಗೆ ಕಳುಹಿಸಿದರು. ಅಲ್ಲಿ ಹಳದಿಜ್ವರ ಹಬ್ಬಿತ್ತು. ಸರಕು ಕೆಡಬಾರದೆಂಬ ಎಣಿಕೆಯಿಂದ ವ್ಯಾಪಾರಿಗಳು ಅವರನ್ನು ಹಿಂದಕ್ಕೆ ಕರತಂದರು. ವೃದ್ಧನಾದ ತಂದೆಯು ನ್ಯೂಯಾರ್ಕಿಗೆ ಹೋಗಿ ದೇವಸಭೆಗಳ ಬಾಗಿಲು ತಟ್ಟಿದನು. ಹೆನ್ರಿ ವಾರ್ಡ್ ಬೀಚರ್ ಎಂಬ ಪ್ರಸಿದ್ಧ ಬೋಧಕರು ಜನರಿಂದ ಹಣ ಕೂಡಿಸಿಕೊಟ್ಟರು. ಆ ವರ್ಷದ ನವಂಬರಿನಲ್ಲಿ ೨,೨೫೦ ಡಾಲರುಗಳನ್ನು ಎಣಿಸಿ, ತಂದೆಯು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡನು.

ಆ ಸಹೋದರಿಯರ ಮುಂದಿನ ಚರಿತ್ರೆಯು ನಮ್ಮಂಥಾ ಹೆಣ್ಣುಮಕ್ಕಳ ಶಾಲೆಯವರಿಗೆ ಪ್ರಿಯವಾದೀತೆಂದು ಸ್ವಲ್ಪ ವಿಸ್ತರಿಸುತ್ತೇನೆ. ಇಬ್ಬರೂ ಓಬರ್ಲಿನ್ ಎಂಬಲ್ಲಿಗೆ ಓದಲು ಹೋದರು. ಮೇರಿಯು ೧೮೫೩ರಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಎಮಿಲಿಯು ವಾಷಿಂಗ್ಟನ್ನಿಗೆ ಹಿಂದಿರುಗಿ ಮರ್ಟಿಲ ಮೈನರ್ ಎಂಬ ಉಪಾಧ್ಯಾಯಿನಿಗೆ ನೆರವಾದಳು. ಈ ಮೈನರಮ್ಮನವರು ೧೮೫೧ನೆಯ ದಶಂಬರಿನಲ್ಲಿ ಆರು ಮಂದಿ ಹುಡುಗಿಯರನ್ನು ಕೂಡಿಸಿಕೊಂಡು ಆಫ್ರಿಕ ಮೂಲದ ಹೆಣ್ಣುಮಕ್ಕಳಿಗೆ ಒಂದು ಶಾಲೆಯನ್ನು ತೆರೆದಿದ್ದರು. ಓದಿದ ಹುಡುಗಿಯರು ತಾವೇ ಉಪಾಧ್ಯಾಯಿನಿಯರಾಗಬೇಕೆಂಬುವದು ಶಾಲೆಯ ಉದ್ದೇಶ. ಪಟ್ಟಣದಲ್ಲಿ ಅನೇಕರಿಗೆ ಇದು ಸಹಿಸಲಿಲ್ಲ. ಪುಂಡರು ಬಂದು ಕಲ್ಲೆಸೆಯುತ್ತಿದ್ದರು. ಮೈನರಮ್ಮನವರೂ ಎಮಿಲಿಯೂ ಶಾಲೆಯಲ್ಲಿಯೇ ವಾಸಮಾಡುತ್ತಾ, ಪಿಸ್ತೂಲು ಹಾರಿಸುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕಾಯಿತು. ನಮ್ಮ ಶಾಲೆಗಳ ಆರಂಭದ ದಿನಗಳ ಕಷ್ಟಗಳನ್ನು ನಾವು ಹಿರಿಯರ ಬಾಯಿಂದ ಕೇಳಿದ್ದೇವೆ. ಆದರೆ ಉಪಾಧ್ಯಾಯಿನಿಯರ ಕೈಗೆ ಪಿಸ್ತೂಲು ಬಂದ ಕಥೆಯನ್ನು ನಾನಂತೂ ಬೇರೆಲ್ಲಿಯೂ ಕೇಳಿದ್ದಿಲ್ಲ.

ಇನ್ನು ಬಿಡುಗಡೆಯ ವಿಷಯ. ಉತ್ತರ ದಕ್ಷಿಣಗಳಿಗೆ ಯುದ್ಧ ಹತ್ತಿದ ಮೇಲೆ, ೧೮೬೧ರ ದಶಂಬರಿನಲ್ಲಿ ಹೆನ್ರಿ ವಿಲ್ಸನ್ ಎಂಬ ಮಾಸಚೂಸೆಟ್ಸಿನ ಪ್ರತಿನಿಧಿಯು, ರಾಜಧಾನಿಯಲ್ಲಿ ದಾಸತ್ವವನ್ನು ತೆಗೆದುಹಾಕತಕ್ಕದ್ದೆಂದು ಸೆನೆಟ್ ಸಭೆಯಲ್ಲಿ ಮಸೂದೆಯನ್ನು ತಂದನು. ಈ ವಿಲ್ಸನ್ ಬಡವರ ಮಗ. ಹತ್ತು ವರ್ಷದವನಿದ್ದಾಗಲೇ ಒಬ್ಬ ರೈತನಲ್ಲಿ ಕರಾರಿನ ಆಳಾಗಿ ನಿಂತು ಇಪ್ಪತ್ತೊಂದು ವರ್ಷದ ವರೆಗೆ ದುಡಿದವನು. ಪಟ್ಟಣದ ಪೌರಸಭೆಯ ಹಿರಿಯರಿಗೆ ಮಸೂದೆಯು ಒಪ್ಪಿಗೆಯಾಗಲಿಲ್ಲ. ಸ್ವತಂತ್ರರಾದ ಗುಲಾಮರಿಗೆ ನಮ್ಮ ಊರು ಆಶ್ರಯಸ್ಥಾನವಾಗಕೂಡದೆಂದು ಅವರು ಠರಾವು ಮಾಡಿ ಕಾಂಗ್ರೆಸ್ಸಿಗೆ ಕಳುಹಿಸಿದರು. ಈ ಠರಾವನ್ನು ವಾಚಕರು ನೆನಪಿನಲ್ಲಿಡಬೇಕು. ಕಾಂಗ್ರೆಸ್ ಅದನ್ನು ಗಣಿಸಲಿಲ್ಲ. ಏಪ್ರಿಲ್ ೧೬ರಂದು ಲಿಂಕನ್ನನು ಕಾಯಿದೆಗೆ ರುಜು ಹಾಕಿದನು.

ಕಾಯಿದೆಯ ಒಳಗೇನಿತ್ತೆಂದು ನೋಡಿದರೆ ಮಾತ್ರ ಆ ದಿನದ ಸ್ವರೂಪವು ತಿಳಿಯುವದು. ಬಿಡುಗಡೆಯು ಕೂಡಲೇ ಜಾರಿಗೆ ಬಂತು. ಪರಿಹಾರದ ಹಣವೂ ಮಂಜೂರಾಯಿತು. ಆದರೆ ಪರಿಹಾರವು ದುಡಿದವರಿಗಲ್ಲ, ದುಡಿಸಿಕೊಂಡವರಿಗೆ. ಧಣಿಗಳಿಗೆ ಕೊಡುವದಕ್ಕಾಗಿ ಹತ್ತು ಲಕ್ಷ ಡಾಲರುಗಳನ್ನು ತೆಗೆದಿಟ್ಟರು. ಒಬ್ಬೊಬ್ಬ ಗುಲಾಮನಿಗೆ ಸರಾಸರಿ ೩೦೦ ಡಾಲರು ಮೀರಕೂಡದೆಂದು ಮಿತಿ. ಇದಲ್ಲದೆ ಇನ್ನೊಂದು ಲಕ್ಷ ಡಾಲರು ಬೇರೆ ಇತ್ತು. ಬಿಡುಗಡೆಯಾದವರು ದೇಶವನ್ನೇ ಬಿಟ್ಟು ಹೈಟಿ, ಲೈಬೀರಿಯ ಮುಂತಾದ ಸೀಮೆಗಳಿಗೆ ಹೋಗುವದಾದರೆ ತಲೆಗೆ ನೂರು ಡಾಲರಿನ ವರೆಗೆ ಕೊಡುವದಕ್ಕೆ ಅದು. ಹುಟ್ಟಿ ಬೆಳೆದ ಊರಿನಲ್ಲಿಯೇ ಉಳಿಯುವವನಿಗೆ ಒಂದು ಕಾಸೂ ಇರಲಿಲ್ಲ.

ಧಣಿಗಳು ತೊಂಬತ್ತು ದಿನಗಳೊಳಗಾಗಿ ಅರ್ಜಿ ಕೊಡಬೇಕು. ಸರ್ಕಾರಕ್ಕೆ ನಿಷ್ಠರಾಗಿರುವೆವೆಂದು ಪ್ರಮಾಣ ಮಾಡಬೇಕು. ಪ್ರತಿಯೊಬ್ಬ ಗುಲಾಮನ ಹೆಸರು, ವಯಸ್ಸು, ಚಹರೆ, ಕೈಕೆಲಸ, ಬೆಲೆ ಇವನ್ನು ಬರೆದು ತೋರಿಸಬೇಕು. ವಿಚಾರಣೆಗೆ ಮೂವರು ಕಮಿಷನರುಗಳು ನೇಮಕವಾದರು. ಅವರಿಗೆ ಮನುಷ್ಯರ ಬೆಲೆ ತಿಳಿಯದು. ಆದುದರಿಂದ ಬಾಲ್ಟಿಮೋರ್ ಪಟ್ಟಣದಿಂದ ಒಬ್ಬ ಗುಲಾಮರ ವ್ಯಾಪಾರಿಯನ್ನು ಕರತಂದು ಬೆಲೆ ಕಟ್ಟಿಸಿದರು! ದಾಸತ್ವವನ್ನು ಕೊನೆಗಾಣಿಸುವ ಕಛೇರಿಯಲ್ಲಿಯೂ ಬಿಡುಗಡೆಯಾದವರು ಬಂದು, ಹಳೆಯ ವ್ಯಾಪಾರಿಯ ಕಣ್ಣಮುಂದೆ ಕಡೆಯ ಸಲ ನಿಲ್ಲಬೇಕಾಯಿತು.

ಆ ಅರ್ಜಿಗಳು ಸುಮಾರು ಸಾವಿರ. ಅವುಗಳನ್ನು ಇಂದಿಗೂ ರಾಷ್ಟ್ರದ ದಫ್ತರಖಾನೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಅವುಗಳಲ್ಲಿ ಎರಡನ್ನು ಇಲ್ಲಿ ಹೇಳಿದರೆ ಸಾಕು. ಒಂದು, ಗೇಬ್ರಿಯೆಲ್ ಕೋಕ್ಲಿ ಎಂಬುವನದು. ಅವನು ಆಫ್ರಿಕ ಮೂಲದ ಸ್ವತಂತ್ರನು. ತನ್ನ ಹೆಂಡತಿ ಮಕ್ಕಳನ್ನು ದುಡ್ಡು ಕೊಟ್ಟು ಕೊಂಡಿದ್ದನು. ಹೀಗೆ ಕೊಂಡವರು ಕಾಯಿದೆಯ ದೃಷ್ಟಿಯಲ್ಲಿ ಅವನ ಗುಲಾಮರು. ಆದುದರಿಂದ ತಾನೂ ಧಣಿಯೆಂದು ಅವನು ಅರ್ಜಿ ಹಾಕಿದನು. ಕಮಿಷನರುಗಳು ಒಪ್ಪಿ, ಎಂಟು ಮಂದಿಗೆ ೧,೪೮೯ ಡಾಲರು ೨೦ ಸೆಂಟುಗಳನ್ನು ಕೊಟ್ಟರು. ಆ ಹಣದಲ್ಲಿ ಒಂದು ಕಾಸನ್ನಾದರೂ ಅನ್ಯಾಯವೆನ್ನುವವರು ಯಾರು?

ಇನ್ನೊಂದು ಅರ್ಜಿಯು ಕ್ಲಾರ್ಕ್ ಮಿಲ್ಸ್ ಎಂಬ ಶಿಲ್ಪಿಯದು. ಕಾಂಗ್ರೆಸ್ ಭವನದ ಗುಮ್ಮಟದ ಮೇಲೆ ನಿಲ್ಲಿಸತಕ್ಕ ‘ಸ್ವಾತಂತ್ರ್ಯ’ ಎಂಬ ಕಂಚಿನ ಸ್ತ್ರೀಪ್ರತಿಮೆಯನ್ನು ಎರಕ ಹೊಯ್ದದ್ದು ಅವನ ಕಾರ್ಖಾನೆಯಲ್ಲಿ. ಪ್ರತಿಮೆಯ ಎತ್ತರ ಹತ್ತೊಂಬತ್ತೂವರೆ ಅಡಿ. ಅದರ ಪ್ಲಾಸ್ಟರಿನ ಮಾದರಿಯು ಐದು ತುಂಡುಗಳಾಗಿ ರೋಮಾಪುರಿಯಿಂದ ಬಂದಿತ್ತು. ಅದನ್ನು ಜೋಡಿಸಿ ನಿಲ್ಲಿಸಿದ ಇಟಲಿಯ ಕೆಲಸಗಾರನು, ಎರಕಕ್ಕಾಗಿ ಮತ್ತೆ ಬಿಡಿಸುವಾಗ, ಹೆಚ್ಚು ಹಣ ಕೊಟ್ಟ ಹೊರತು ಸಂದುಗಳು ಎಲ್ಲಿವೆಯೆಂದು ತೋರಿಸೆನೆಂದನು. ಆಗ ಮಿಲ್ಸನ ಗುಲಾಮನಾದ ಫಿಲಿಪ್ ರೀಡನು ಒಂದು ಉಪಾಯ ಮಾಡಿದನು. ಪ್ರತಿಮೆಯ ತಲೆಯಲ್ಲಿದ್ದ ಕಬ್ಬಿಣದ ಉಂಗುರಕ್ಕೆ ಹಗ್ಗ ಕಟ್ಟಿ, ರಾಟೆಯಿಂದ ಮೆಲ್ಲಮೆಲ್ಲನೆ ಮೇಲಕ್ಕೆ ಎಳೆಯಿಸಿದನು. ಭಾರವು ಎಳೆದಂತೆ, ಸಂದುಗಳಿದ್ದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಐದು ತುಂಡುಗಳೂ ಕೆಡದಂತೆ ಬಿಚ್ಚಿಬಂದುವು.

ಎರಕದ ಕೆಲಸದಲ್ಲಿ ಅಚ್ಚುಗಳ ಕೆಳಗೆ ಬೆಂಕಿಯು ಆರಕೂಡದು, ಭಾನುವಾರಗಳಲ್ಲಿಯೂ ಕಾಯಬೇಕು. ವಾರದ ದಿನಗಳಲ್ಲಿ ರೀಡನ ದುಡಿಮೆಯ ಫಲವೆಲ್ಲಾ ಧಣಿಗೆ. ಭಾನುವಾರದ ಕೂಲಿಯು ಮಾತ್ರ ರೀಡನಿಗೇ ಸಂದಿತು. ದಿನಕ್ಕೆ ಒಂದೂಕಾಲು ಡಾಲರಿನಂತೆ ೩೩ ಭಾನುವಾರಗಳಿಗೆ ೪೧ ಡಾಲರು ೨೫ ಸೆಂಟುಗಳು. ೧೮೬೨ರಲ್ಲಿ ಮಿಲ್ಸನು ಕೊಟ್ಟ ಅರ್ಜಿಯಲ್ಲಿ, ಇವನಿಗೆ ೪೨ ವರ್ಷ, ಕುಳ್ಳನು, ಆರೋಗ್ಯವಂತನು, ನೋಟಕ್ಕೆ ಅಂಥಾ ಚೆಲುವನಲ್ಲ, ಬುದ್ಧಿಯಲ್ಲಿ ಚುರುಕು, ಎರಕದ ಕೆಲಸದಲ್ಲಿ ನಿಪುಣನು ಎಂಬ ಅರ್ಥದ ವರ್ಣನೆಯಿದೆ. ಧಣಿಯು ಕೇಳಿದ ಬೆಲೆ ೧,೫೦೦ ಡಾಲರು. ಸರ್ಕಾರವು ಕೊಟ್ಟದ್ದು ೩೫೦ ಡಾಲರು ೪೦ ಸೆಂಟು.

ಕೆಲವು ಧಣಿಗಳು ಅರ್ಜಿಯನ್ನೇ ಕೊಡಲಿಲ್ಲ. ಕೆಲವರು ದಕ್ಷಿಣದ ಪಕ್ಷಪಾತಿಗಳಾಗಿ ಊರು ಬಿಟ್ಟಿದ್ದರು. ಇಂಥವರ ಗುಲಾಮರು ಬಿಡುಗಡೆಯ ಪತ್ರವಿಲ್ಲದೆ ನಡುನೀರಿನಲ್ಲಿ ನಿಂತಂತಾಯಿತು. ಅದಕ್ಕಾಗಿ ಅದೇ ವರ್ಷದ ಜುಲೈ ೧೨ರಲ್ಲಿ ಪೂರಕವಾದ ಇನ್ನೊಂದು ಕಾಯಿದೆಯಾಗಿ, ಗುಲಾಮರು ತಾವೇ ಅರ್ಜಿ ಕೊಡಬಹುದೆಂದಾಯಿತು. ಆಫ್ರಿಕ ಮೂಲದವರ ಸಾಕ್ಷಿಯನ್ನು ಬಿಳಿಯರ ಸಾಕ್ಷಿಗೆ ಸಮನಾಗಿ ಕೇಳತಕ್ಕದ್ದೆಂದೂ ಅದರಲ್ಲಿ ಸೇರಿತು. ನನ್ನ ಎಣಿಕೆಯಲ್ಲಿ ಏಪ್ರಿಲ್ ಕಾಯಿದೆಗಿಂತ ಈ ಚಿಕ್ಕ ಕಾಯಿದೆಯೇ ಹೆಚ್ಚು ಧೈರ್ಯವುಳ್ಳದ್ದು. ಯಾಕಂದರೆ ಮೊದಲನೆಯದರಲ್ಲಿ ಗುಲಾಮನು ಪಟ್ಟಿಯಲ್ಲಿ ಬರೆಯಲ್ಪಟ್ಟವನು, ಎರಡನೆಯದರಲ್ಲಿ ಪಟ್ಟಿಯನ್ನು ತಂದುಕೊಟ್ಟವನು.

ಧಣಿಗಳಿಗೆ ಹಣ ಕೊಟ್ಟು ದಾಸತ್ವವನ್ನು ಕೊಂಡುಕೊಳ್ಳುವ ಈ ರೀತಿಯು ಹೊಸದಲ್ಲ. ಬ್ರಿಟಿಷ್ ಸರ್ಕಾರವು ತನ್ನ ವಸಾಹತುಗಳಲ್ಲಿ ೧೮೩೪ರ ಆಗಸ್ಟ್ ೧ರಿಂದ ದಾಸತ್ವವನ್ನು ತೆಗೆದಾಗ ಎರಡು ಕೋಟಿ ಪೌಂಡುಗಳನ್ನು ಧಣಿಗಳಿಗೆಂದು ತೆಗೆದಿಟ್ಟಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಆಳಿಕೆಯಲ್ಲಿದ್ದ ನಮ್ಮ ಸೀಮೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟರು. ಇಲ್ಲಿಗೆ ೧೮೪೩ರಲ್ಲಿ ಐದನೆಯ ಆಕ್ಟು ಬಂತು. ಮನುಷ್ಯನ ಮೇಲೆ ಒಡೆತನವುಂಟೆಂಬ ಹಕ್ಕನ್ನು ಯಾವ ನ್ಯಾಯಸ್ಥಾನವೂ ನಡಿಸಿಕೊಡಕೂಡದೆಂದು ಮಾತ್ರ ಅದು ಹೇಳಿತು. ಧಣಿಗೆ ಹಣವಿಲ್ಲ, ಬಿಡುಗಡೆಯಾದವರ ಪಟ್ಟಿಯಿಲ್ಲ, ಹೆಸರುಗಳಿಲ್ಲ. ಜೀತಪದ್ಧತಿಯನ್ನು ತೆಗೆದುಹಾಕುವ ಕಾಯಿದೆಯು ೧೯೭೬ರಲ್ಲಿ ಆಗಬೇಕಾಯಿತೆಂಬುವದು ಎಲ್ಲರೂ ಬಲ್ಲ ಸಂಗತಿ.

ವಾಷಿಂಗ್ಟನ್ನಿನ ಜನರು ತಮ್ಮ ದಿನವನ್ನು ಯಾರ ಅಪ್ಪಣೆಗೂ ಕಾಯದೆ ಆಚರಿಸಿದರು. ಯುದ್ಧ ಮುಗಿದ ಮಾರನೆಯ ವರ್ಷವಾದ ೧೮೬೬ರ ಏಪ್ರಿಲಿನಲ್ಲಿ ಸಾವಿರಾರು ಮಂದಿ ಮೆರವಣಿಗೆ ಹೊರಟರು. ಯುದ್ಧದಲ್ಲಿ ಹೋರಾಡಿದ ಆಫ್ರಿಕ ಮೂಲದ ಸಿಪಾಯಿಗಳ ದಂಡುಗಳು ಮುಂದೆ ನಡೆದುವು. ಅಲ್ಲಿಂದ ಮುಂದೆ ವರುಷವರುಷವೂ ವಾದ್ಯಗಳು, ಸಂಘಗಳ ಬಾವುಟಗಳು, ದೇವಾಲಯಗಳಲ್ಲಿ ಪ್ರಸಂಗಗಳು. ಎಮಿಲಿ ಎಡ್ಮನ್‌ಸನ್ನಳು ಮದುವೆಯಾಗಿ, ಮುಂದೆ ಆ ಜಿಲ್ಲೆಯ ಅನಾಕೋಸ್ಟಿಯ ಎಂಬ ಭಾಗದಲ್ಲಿ ವಾಸವಾಗಿದ್ದು, ೧೮೯೫ರಲ್ಲಿ ತೀರಿಕೊಂಡಳು. ಅದೇ ಅನಾಕೋಸ್ಟಿಯದಲ್ಲಿದ್ದ ಫ್ರೆಡರಿಕ್ ಡಗ್ಲಸ್ ಎಂಬ ಪ್ರಸಿದ್ಧ ವಾಗ್ಮಿಯು, ತಾನೂ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದವನು. ಅವನು ೧೮೮೮ರ ಏಪ್ರಿಲ್ ೧೬ರಂದು ಮಾಡಿದ ಭಾಷಣವು ಹಬ್ಬದ ಮಾತಾಗಿರಲಿಲ್ಲ. ದಕ್ಷಿಣದಲ್ಲಿ ಬಿಡುಗಡೆಯಾದವನು ಧಣಿಯ ಹೊಲದಲ್ಲಿ, ಧಣಿಯ ಅಂಗಡಿಯ ಸಾಲದಲ್ಲಿ, ಓಟು ಹಾಕುವ ಹಕ್ಕಿಲ್ಲದೆ ಸಿಕ್ಕಿಕೊಂಡಿರುವಾಗ, ಇದನ್ನು ಬಿಡುಗಡೆಯೆಂದು ಕರೆಯುವದೇ ಮೋಸವೆಂದು ಅವನು ಖಂಡಿಸಿದನು.

ಆ ವೇಳೆಗೆ ಮೆರವಣಿಗೆಯವರಲ್ಲಿಯೇ ಒಡಕು ಹುಟ್ಟಿತ್ತು. ಒಂದೇ ದಿನ ಪ್ರತಿಸ್ಪರ್ಧಿ ಮೆರವಣಿಗೆಗಳು ಹೊರಟದ್ದೂ ಉಂಟು. ಹಣದ ಅಭಾವವೂ ಸೇರಿತು. ೧೯೦೧ರ ಮೆರವಣಿಗೆಯೇ ಕಡೆಯದಾಯಿತು. ಸುಮಾರು ತೊಂಬತ್ತು ವರ್ಷ ಕಾಲ ಏಪ್ರಿಲ್ ೧೬ ಆ ಪಟ್ಟಣದಲ್ಲಿ ಎಲ್ಲಾ ದಿನಗಳಂತೆ ಒಂದು ದಿನವಾಗಿ ಕಳೆಯಿತು.

ಪಟ್ಟಣದ ಆಡಳಿತವೇ ರಜಾ ಕೊಡಬಹುದಾಗಿತ್ತಲ್ಲಾ ಎಂದು ಕೇಳಬಹುದು. ಕೊಡುವದಕ್ಕೆ ಪಟ್ಟಣಕ್ಕೆ ತನ್ನದೆಂಬ ಆಡಳಿತವೇ ಇರಲಿಲ್ಲ. ೧೮೭೪ರಿಂದ ಒಂದು ನೂರು ವರ್ಷ ರಾಜಧಾನಿಯ ನಿವಾಸಿಗಳು ತಮ್ಮ ಊರಿನ ಸಭೆಯನ್ನು ಚುನಾಯಿಸುವ ಅಧಿಕಾರವನ್ನು ಕಳೆದುಕೊಂಡಿದ್ದರು. ೧೯೭೩ರ ಕಾಯಿದೆಯಿಂದ ಅದು ಹಿಂದಕ್ಕೆ ಬಂತು; ಚುನಾಯಿತರಾದ ಮೇಯರ್ ಮತ್ತು ಪೌರಸಭೆ ೧೯೭೫ರಲ್ಲಿ ಅಧಿಕಾರಕ್ಕೆ ಬಂದರು. ಇಂದಿಗೂ ಆ ಪಟ್ಟಣದವರಿಗೆ ಕಾಂಗ್ರೆಸ್ಸಿನಲ್ಲಿ ಮತ ಕೊಡತಕ್ಕ ಪ್ರತಿನಿಧಿಯಿಲ್ಲ. ಮರೆತ ದಿನವನ್ನು ಮತ್ತೆ ಎತ್ತಿಕೊಟ್ಟವಳು ಲೊರೆಟಾ ಕಾರ್ಟರ್ ಹೇನ್ಸ್ ಎಂಬ ಊರಿನ ಸಾಮಾನ್ಯ ಮಹಿಳೆ. ಮಕ್ಕಳಿಗೆ ಓದಿನ ರುಚಿ ಹಿಡಿಸುವದರಲ್ಲಿ ಆಯುಷ್ಯ ಕಳೆದವಳು. ೧೯೯೦ರ ದಶಕದ ಆರಂಭದಿಂದ ಆಕೆಯು ಹಳೆಯ ದಾಖಲೆಗಳನ್ನು ಶೋಧಿಸಿ, ಈ ದಿನವನ್ನು ನೆನೆಯಬೇಕೆಂದು ಅಧಿಕಾರಿಗಳನ್ನು ಬಿಡದೆ ಕೇಳಿಕೊಂಡಳು. ೨೦೦೦ದಲ್ಲಿ ಪೌರಸಭೆಯು ಅರ್ಧಮನಸ್ಸಿನಿಂದ ಒಂದು ಹೆಜ್ಜೆ ಇಟ್ಟಿತು. ಬಯಸಿದ ನೌಕರರು ಸಂಬಳವಿಲ್ಲದ ರಜಾ ತೆಗೆದುಕೊಳ್ಳಬಹುದೆಂದು! ೨೦೦೨ರಲ್ಲಿ ಮೆರವಣಿಗೆಯು ಮತ್ತೆ ಹೊರಟಿತು. ಕಡೆಗೆ ವಿನ್ಸೆಂಟ್ ಆರೆಂಜ್ ಎಂಬ ಸದಸ್ಯನು ತಂದ ಮಸೂದೆಯನ್ನು ಸಭೆಯು ಅಂಗೀಕರಿಸಿ, ಮೇಯರ್ ಆಂಟನಿ ವಿಲಿಯಮ್ಸರು ೨೦೦೫ರ ಜನವರಿ ೪ರಂದು ರುಜು ಹಾಕಿದ ಮೇಲೆ, ಅದು ಶಾಲೆ ಕಛೇರಿಗಳನ್ನು ಮುಚ್ಚುವ ಪೂರ್ಣ ರಜಾದಿನವಾಯಿತು. ಬಿಡುಗಡೆಯಾದವರು ನಮ್ಮ ಊರಿಗೆ ಬೇಡವೆಂದು ೧೮೬೨ರಲ್ಲಿ ಠರಾವು ಮಾಡಿದ ಪೌರಸಭೆಯ ಸ್ಥಾನದಲ್ಲಿ ಕುಳಿತ ಸಭೆಯೇ ಇದು.

ಮೆರವಣಿಗೆಗಿಂತ ಹಳೆಯ ಅರ್ಜಿಗಳೇ ನನಗೆ ಹೆಚ್ಚು ಬೆಲೆಯುಳ್ಳವಾಗಿ ತೋರುವವು. ೧೮೬೦ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಸಾಮಾನ್ಯವಾಗಿ ಧಣಿಯ ಹೆಸರು ಮಾತ್ರ ಇರುವದು. ಗುಲಾಮನು ವಯಸ್ಸು, ಲಿಂಗ, ಬಣ್ಣ ಇಷ್ಟರಿಂದಲೇ ಲೆಕ್ಕಕ್ಕೆ ಸೇರಿದವನು. ಆದುದರಿಂದ ತಮ್ಮ ಪೂರ್ವಿಕರನ್ನು ಹುಡುಕುವ ಮೊಮ್ಮಕ್ಕಳಿಗೆ ಅಲ್ಲಿ ದಾರಿ ಕಡಿದುಹೋಗುವದು. ಹಣದ ಆಶೆಯಿಂದ ಧಣಿಗಳು ಬರೆದ ಈ ಅರ್ಜಿಗಳಲ್ಲಿ ಹೆಸರುಗಳಿವೆ, ಯಾರ ಮಗುವೆಂಬುವದೂ ಕೆಲವು ಕಡೆ ಉಂಟು.

೧೮೬೩ರ ದಶಂಬರ್ ೨ರಂದು ‘ಸ್ವಾತಂತ್ರ್ಯ’ ಪ್ರತಿಮೆಯ ಕಡೆಯ ಭಾಗವನ್ನು ಗುಮ್ಮಟದ ಮೇಲೇರಿಸಿ ಕೂಡಿಸಿದರು. ಆ ವೇಳೆಗೆ ಫಿಲಿಪ್ ರೀಡನು ಸ್ವತಂತ್ರನಾಗಿ ಒಂದೂವರೆ ವರ್ಷ ಕಳೆದಿತ್ತು. ಅವನು ಹಗ್ಗ ಕಟ್ಟಿ ಎಳೆಯಿಸಿದ ಪ್ಲಾಸ್ಟರಿನ ಮಾದರಿಯು ಈಗ ಕಾಂಗ್ರೆಸ್ ಭವನದ ನೆಲಮಾಳಿಗೆಯ ದೊಡ್ಡ ಮಂಟಪದಲ್ಲಿ, ನೋಡಬರುವವರಿಗೆಲ್ಲಾ ಕಾಣುವಂತೆ ನಿಂತಿದೆ. ಆ ಭವನವನ್ನು ಕಟ್ಟುವದರಲ್ಲಿ ಗುಲಾಮರೂ ದುಡಿದರೆಂಬ ನೆನಪಿಗಾಗಿ, ೨೦೦೮ರಲ್ಲಿ ತೆರೆದ ಆ ಮಂಟಪಕ್ಕೆ ‘ವಿಮೋಚನಾ ಮಂಟಪ’ವೆಂದು ಹೆಸರಿಟ್ಟಿರುತ್ತಾರೆ.